ಮೆಗ್ನೀಷಿಯಂ ಸುಟ್ಟು ತೂಗಿದ್ದು: ನನಗೆ 1.65 ಬಂದ ಬಗೆ

ಬಂತು. ಮೂರು ಬೇರೆ ಬೇರೆ ದಿನ ಮಾಡಿದೆ, ಮೂರು ಸಲವೂ ಬಂತು. ಒಂದು ಗ್ರಾಂ ಮೆಗ್ನೀಷಿಯಂ ಪೂರ್ತಿ ಸುಟ್ಟರೆ 1.658 ಗ್ರಾಂ ಆಕ್ಸೈಡ್, ಅಂದರೆ ಲೋಹಕ್ಕೆ ಆಕ್ಸಿಜನ್ ಸೇರಿ ಆದ ಬಿಳಿ ಬೂದಿ, ಆಗಬೇಕು ಅನ್ನುವುದು ಲೆಕ್ಕ. ಗ್ರಾಂ ಲೆಕ್ಕದಲ್ಲಿ ನನಗೆ ಸಿಕ್ಕಿದ್ದು 1.64, 1.65, ಮತ್ತೆ 1.65. ವಿಶೇಷ ಕುಲುಮೆ ಇಲ್ಲ, ಸಿಲಿಂಡರಿನ ಆಕ್ಸಿಜನ್ ಇಲ್ಲ. ಎಲ್ಲರ ಹತ್ತಿರ ಇರುವ ಪಿಂಗಾಣಿ ಮೂಸೆ (ಕ್ರೂಸಿಬಲ್), ಎಲ್ಲರ ಹತ್ತಿರ ಇರುವ ಬರ್ನರ್, ಸುತ್ತಲಿನ ಗಾಳಿ. ಇಷ್ಟರಲ್ಲೇ ಬಂತು.

ಇದನ್ನು ಬರೆಯಲು ಕಾರಣ ಇದೆ. ಇದು ಆಗದ ಕೆಲಸ ಎಂದು ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ಜೊತೆ ಇದ್ದ ಹಿರಿಯ ಮೇಷ್ಟ್ರೊಬ್ಬರು, ಜೀವನಪೂರ್ತಿ ರಸಾಯನಶಾಸ್ತ್ರ ಕಲಿಸಿದವರು, "ನೋಡಿ, ಆ ನಂಬರ್ ಪುಸ್ತಕದಲ್ಲಿ ಮಾತ್ರ ಬರುತ್ತೆ. ನಾನು 1.5 ದಾಟಿದ್ದು ನೋಡಿಲ್ಲ. ಸುಮ್ನೆ ಉತ್ತರ ಬೋರ್ಡ್ ಮೇಲೆ ಬರೆದುಬಿಡಿ, ಮೂಸೆ ಯಾಕೆ ಹಾಳು ಮಾಡ್ತೀರಿ" ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಅದು ಚುಚ್ಚಿತು. ಸುಟ್ಟಾಗ ಲೋಹದ ತೂಕ ಹೆಚ್ಚುತ್ತದೆ ಎಂದು ಮಕ್ಕಳ ಮುಂದೆ ಹೇಳುವುದು, ಆಮೇಲೆ ತಕ್ಕಡಿ ಬೇರೇನೋ ತೋರಿಸುವುದು, ಕೊನೆಗೆ "ಪ್ರಯೋಗದ ದೋಷ" ಎಂದು ಒಂದು ಸಾಲು ಬರೆಸಿ ಮುಗಿಸುವುದು. ಯಾವ ದೋಷ, ಎಷ್ಟು ದೋಷ, ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನಾನು ಅದನ್ನೇ ಕೇಳಿಕೊಂಡು ಹೊರಟೆ. ಸುಮಾರು ಎಂಟು ತಿಂಗಳು ಹಿಡಿಯಿತು, ರಜಾ ದಿನಗಳೂ ಸೇರಿ.

ಮೂಸೆ ಹಿಡಿಯುವುದು, ಬರ್ನರ್ ಹದ ಮಾಡುವುದು, ಖಾಲಿ ಮೂಸೆಯನ್ನು ಮೊದಲು ಕಾಯಿಸಿ ತೂಕ ನಿಲ್ಲಿಸಿಕೊಳ್ಳುವುದು, ಮೆಗ್ನೀಷಿಯಂ ಪಟ್ಟಿಯನ್ನು ಮರಳು ಕಾಗದದಿಂದ ಉಜ್ಜುವುದು, ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಮೊದಲ ಸೋಲು ಎಲ್ಲರದ್ದೇ. ಇಕ್ಕಳದಲ್ಲಿ ಪಟ್ಟಿ ಹಿಡಿದು ಹೊತ್ತಿಸಿ, ಬಿದ್ದ ಬೂದಿಯನ್ನು ಬಟ್ಟಲಲ್ಲಿ ಹಿಡಿದು ತೂಗಿದೆ. ಮೊದಲಿಗಿಂತ ತೂಕ ಕಡಿಮೆ ಬಂತು! ಕಾರಣ ಕಣ್ಣಿಗೇ ಕಾಣುತ್ತದೆ, ಬಿಳಿ ಹೊಗೆ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಆ ಹೊಗೆಯೇ ನಮಗೆ ಬೇಕಾದ ಆಕ್ಸೈಡ್. ಅದು ಛಾವಣಿಗೆ ಹತ್ತಿದರೆ ತಕ್ಕಡಿಗೆ ಏನು ಸಿಗುತ್ತದೆ?

ಎರಡನೆಯ ಸೋಲು ದುಬಾರಿ. ಗಾಳಿಯಲ್ಲಿ ನೈಟ್ರೋಜನ್ ಇರುವುದೇ ತೊಂದರೆ, ಶುದ್ಧ ಆಕ್ಸಿಜನ್ ಒಳಗೆ ಸುಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಯೋಚಿಸಿದೆ. ಹೈಡ್ರೋಜನ್ ಪೆರಾಕ್ಸೈಡ್‌ಗೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ ಆಕ್ಸಿಜನ್ ತೆಗೆದು ಜಾಡಿಯಲ್ಲಿ ತುಂಬಿದೆ, ಅದರೊಳಗೆ ಉರಿಯುವ ಪಟ್ಟಿ ಇಳಿಸಿದೆ. ಕಣ್ಣು ಬಿಡಲಾಗದ ಬೆಳಕು. ನಾನು ಮುಖ ತಿರುಗಿಸಿಕೊಂಡಿದ್ದರಿಂದ ಬಚಾವ್. ಜಾಡಿಯ ತಳಕ್ಕೆ ಮರಳು ಹಾಕಿರಲಿಲ್ಲ, ಒಂದು ಉರಿಯುವ ತುಂಡು ಬಿದ್ದು ಗಾಜು ಅಡ್ಡಕ್ಕೆ ಸೀಳಿತು. ಬಿಳಿ ಪುಡಿ ಜಾಡಿಯ ಒಳಮೈಗೆಲ್ಲ ಅಂಟಿತ್ತು, ಕೆರೆದು ತೆಗೆದಷ್ಟೂ ಗಾಜಿನ ಚೂರೂ ಬಂತು. ಹೀಗೆ ಎರಡು ಜಾಡಿ ಕಳೆದುಕೊಂಡೆ. ಎರಡನೆಯದಕ್ಕೆ ಮರಳು ಹಾಕಿದ್ದೆ, ಆದರೆ ಮರಳಿನಲ್ಲಿ ಸೇರಿಹೋದ ಆಕ್ಸೈಡನ್ನು ತೂಗುವುದು ಹೇಗೆ? ಆ ದಾರಿ ಅಲ್ಲಿಗೇ ಬಿಟ್ಟೆ.

ಆದರೆ ಆ ಒಡೆದ ಜಾಡಿಯಿಂದಲೇ ನನಗೆ ವಿಷಯ ಹೊಳೆಯಿತು. ನಾವೆಲ್ಲ ಉರಿ ಜೋರಾಗಲಿ ಎಂದು ಒದ್ದಾಡುತ್ತೇವೆ, ಜೋರಾಗಿ ಉರಿದರೆ ಪೂರ್ತಿ ಉರಿಯುತ್ತದೆ ಎಂದುಕೊಳ್ಳುತ್ತೇವೆ. ತೂಗುವವನಿಗೆ ಬೇಕಾದದ್ದು ಅದರ ತದ್ವಿರುದ್ಧ. ಮೆಗ್ನೀಷಿಯಂ 650 ಡಿಗ್ರಿಗೆ ಕರಗುತ್ತದೆ, 1090 ಡಿಗ್ರಿಯ ಹತ್ತಿರ ಕುದಿಯುತ್ತದೆ, ಅದರ ಜ್ವಾಲೆ 3000 ಡಿಗ್ರಿ ದಾಟುತ್ತದೆ. ಅಂದರೆ ಜ್ವಾಲೆ ಎದ್ದ ಮೇಲೆ ಲೋಹ ಆವಿಯಾಗಿ ಉರಿಯುತ್ತಿರುತ್ತದೆ. ಆವಿ ಉರಿದರೆ ಹೊಗೆ ಆಗಲೇಬೇಕು. ಜ್ವಾಲೆಯೇ ಏಳದ ಹಾಗೆ, ಕೆಂಡದ ಹಾಗೆ, ನಿಧಾನವಾಗಿ ಒಳಗೊಳಗೇ ಕೆಂಪಾಗಿ ಸುಡಿಸಿದರೆ ಬೂದಿ ಕುಳಿತಲ್ಲೇ ಕುಳಿತಿರುತ್ತದೆ. ಇದ್ದಿಲು ಸುಡುವವರು ಗಾಳಿಯನ್ನು ಎಷ್ಟು ಜಿಪುಣತನದಿಂದ ಕೊಡುತ್ತಾರೋ ಅಷ್ಟೇ ಜಿಪುಣತನ ಇಲ್ಲೂ ಬೇಕು.

ಹಾಗಾಗಿ ಮತ್ತೆ ಮುಚ್ಚಳದ ಮೂಸೆಗೆ ಬಂದೆ. ಒಂದು ಮೀಟರ್ ಪಟ್ಟಿ ಸುಮಾರು ಒಂದು ಗ್ರಾಂ ತೂಗುತ್ತದೆ, ನಾನು ಅರ್ಧ ಮೀಟರ್ ತೆಗೆದುಕೊಳ್ಳುತ್ತೇನೆ. ಮೊದಲು 0.2 ಗ್ರಾಂ ಮಾತ್ರ ಹಾಕುತ್ತಿದ್ದೆ, ಅದು ತಪ್ಪು. 0.2 ಗ್ರಾಂಗೆ ಹೆಚ್ಚಾಗುವ ತೂಕ 0.13 ಗ್ರಾಂ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಕೊನೆಯ ಅಂಕಿ ಒಂದು ಆಚೆ ಈಚೆ ಆದರೂ ಉತ್ತರ ಶೇಕಡಾ 8ರಷ್ಟು ಓಡುತ್ತದೆ. ಇಷ್ಟು ದಿನ ಮೆಗ್ನೀಷಿಯಂ ಮೇಲೆ ಹಾಕುತ್ತಿದ್ದ ಅಪವಾದದಲ್ಲಿ ಅರ್ಧ ಪಾಲು ತಕ್ಕಡಿಯದ್ದೇ ಆಗಿತ್ತು. ತುಂಬಾ ಜಾಸ್ತಿ ಹಾಕಿದರೂ ಕಷ್ಟ, ನಡುವಿನ ಭಾಗ ಸುಡುವುದೇ ಇಲ್ಲ, ಮುರಿದು ನೋಡಿದರೆ ಬೂದಿ ಒಳಗೆ ಹೊಳೆಯುವ ಲೋಹ ಸಿಗುತ್ತದೆ.

ಪಟ್ಟಿಯನ್ನು ಸುರುಳಿ ಸುತ್ತಿ ಹಾಕಬೇಕು, ಸಡಿಲವಾಗಿ. ಸುರುಳಿ ಹೇಗೆ ಸುತ್ತುವುದು ಎನ್ನುವುದರಲ್ಲಿ ನನ್ನದೇ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹತ್ತು ಹದಿನೈದು ಸಲ ಮಾಡಿದರೆ ನಿಮ್ಮ ಕೈಗೇ ಸಿಗುತ್ತದೆ.

ಮುಚ್ಚಳ ಎತ್ತುವ ಕೆಲಸದಲ್ಲಿ ನಾಲ್ಕು ವಾರ ಹೋಯಿತು. ಮೂಸೆಯ ತಳ ಕೆಂಪಾಗುವವರೆಗೆ ಮುಚ್ಚಿಯೇ ಇಡಬೇಕು. ಆಮೇಲೆ ಮೂರು ನಿಮಿಷಕ್ಕೊಮ್ಮೆ ಮುಚ್ಚಳದ ಒಂದು ಅಂಚನ್ನು ಮಾತ್ರ ಎತ್ತುವುದು, ಬೆರಳಿನ ಉಗುರು ಹೋಗುವಷ್ಟು ಸಂದು, "ಒಂದು, ಎರಡು" ಎನ್ನುವಷ್ಟು ಹೊತ್ತು. ಒಳಗೆ ಬೆಳಕು ಮಿಂಚಿದ ತಕ್ಷಣ ಮುಚ್ಚಬೇಕು. ಇಣುಕಿ ನೋಡಬಾರದು, ಓರೆ ಕಣ್ಣಿನಿಂದ ಸಂದಿಯ ಹೊಳಪು ಕಂಡರೆ ಸಾಕು. ಬಿಳಿ ಎಳೆ ಒಂದು ಹೊರಬಂದರೂ ಆ ದಿನದ ಲೆಕ್ಕ ಬಿಟ್ಟುಬಿಡಿ, ಮುಂದುವರಿಸಿ ಪ್ರಯೋಜನ ಇಲ್ಲ. ನಾನು ಮೊದಮೊದಲು "ಸ್ವಲ್ಪ ತಾನೇ ಹೋಯಿತು" ಎಂದು ಮುಂದುವರಿಸುತ್ತಿದ್ದೆ. ಅದೆಲ್ಲ 1.5ರ ಸುತ್ತಮುತ್ತ ನಿಂತಿತು. ಒಂದು ಸಲ ಎತ್ತಿದಾಗ ಏನೂ ಮಿಂಚದಿದ್ದರೆ ಮುಗಿಯಿತು ಎಂದು ಅಂದುಕೊಳ್ಳಬೇಡಿ, ಇನ್ನೂ ಮೂರು ನಾಲ್ಕು ಸಲ ಎತ್ತಿ. ಆಮೇಲೆ ಮುಚ್ಚಳ ಅರ್ಧ ಸರಿಸಿ ಹತ್ತು ನಿಮಿಷ ಜೋರು ಉರಿ. ಒಟ್ಟು ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದು ಪಿರಿಯಡ್‌ನಲ್ಲಿ ಮುಗಿಸಲು ಹೋದವರಿಗೆ ಇದು ಬರುವುದಿಲ್ಲ ಎನ್ನುವುದರ ಗುಟ್ಟು ಇಲ್ಲೇ ಇದೆ ಅಲ್ವಾ?

ಇಷ್ಟು ಮಾಡಿದ ಮೇಲೆ 1.58 ಬಂತು. ಖುಷಿಯಾಯಿತು, ಆದರೆ ಅಲ್ಲೇ ನಿಂತುಬಿಟ್ಟಿತು. ಏನು ಮಾಡಿದರೂ 1.6 ದಾಟಲಿಲ್ಲ.

ಬೂದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಪೂರ್ತಿ ಬಿಳಿ ಇರಲಿಲ್ಲ, ಅಲ್ಲಲ್ಲಿ ಹಸಿರು ಕಲೆತ ಹಳದಿ ಬಣ್ಣ. ಅದು ನೈಟ್ರೈಡ್, ಲೋಹಕ್ಕೆ ನೈಟ್ರೋಜನ್ ಸೇರಿ ಆದದ್ದು. ಆಕ್ಸಿಜನ್ ಜಿಪುಣತನದಿಂದ ಕೊಟ್ಟರೆ ಕೆಂಪಗೆ ಕಾದ ಮೆಗ್ನೀಷಿಯಂ ಸುಮ್ಮನಿರುವುದಿಲ್ಲ, ಪಕ್ಕದಲ್ಲಿರುವ ನೈಟ್ರೋಜನ್ ಹಿಡಿದುಕೊಳ್ಳುತ್ತದೆ. ಆಕ್ಸೈಡ್ ಆದರೆ ಗ್ರಾಂಗೆ 0.66 ಹೆಚ್ಚಬೇಕು, ನೈಟ್ರೈಡ್ ಆದರೆ ಹೆಚ್ಚುವುದು 0.38 ಮಾತ್ರ. ಏಳನೇ ಒಂದು ಪಾಲು ಲೋಹ ಆ ಕಡೆ ಹೋದರೂ ಉತ್ತರ 1.62ಕ್ಕೆ ಇಳಿಯುತ್ತದೆ. ಇದಕ್ಕೆ ಮದ್ದು ಹಳೆಯದು, ನಿಮಗೂ ಗೊತ್ತಿರುತ್ತದೆ, ಆದರೆ ಮಾಡುವವರು ಕಡಿಮೆ. ಮೂಸೆ ಪೂರ್ತಿ ತಣ್ಣಗಾದ ಮೇಲೆ, ಪೂರ್ತಿ ಎಂದರೆ ಪೂರ್ತಿ, ಭಟ್ಟಿ ಇಳಿಸಿದ ನೀರು ಹತ್ತು ಹನ್ನೆರಡು ಹನಿ. ಮೆಲ್ಲಗೆ ಬಿಸಿ ಮಾಡಿದರೆ ಅಮೋನಿಯಾ ಘಾಟು ಮೂಗಿಗೆ ಬಡಿಯುತ್ತದೆ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಹಿಡಿದರೆ ನೀಲಿ ಆಗುತ್ತದೆ. ಮೊದಲ ಸಲ ಆ ವಾಸನೆ ಬಂದಾಗ ನಾನು ಎದ್ದು ನಿಂತುಬಿಟ್ಟೆ. ಇಷ್ಟು ತಿಂಗಳು ಕಾಣದೆ ಇದ್ದದ್ದು ಈಗ ಮೂಗಿಗೆ ಸಿಕ್ಕಿತ್ತು. ನೈಟ್ರೈಡ್ ಹೋಗಿ ಹೈಡ್ರಾಕ್ಸೈಡ್ ಆಗುತ್ತದೆ, ಅದನ್ನು ಮತ್ತೆ ಕಾಯಿಸಿದರೆ ನೀರು ಬಿಟ್ಟು ಆಕ್ಸೈಡ್ ಆಗುತ್ತದೆ. ಒಂದು ಎಚ್ಚರಿಕೆ: ಒಳಗೆ ಇನ್ನೂ ಕೆಂಡ ಇರುವಾಗ ನೀರು ಹಾಕಿದರೆ ಹೈಡ್ರೋಜನ್ ಬಂದು ಸಿಡಿಯುತ್ತದೆ. ಅವಸರ ಬೇಡ.

ಇಲ್ಲಿಗೆ 1.61, 1.62. ಬೇರೆ ಯಾರಾದರೂ ಇಲ್ಲಿಗೆ ಸಾಕು ಎನ್ನುತ್ತಿದ್ದರೇನೋ. ನನಗೆ ಇನ್ನೂ ಒಂದು ಅನುಮಾನ ಉಳಿದಿತ್ತು, ಮೂಸೆಯ ತಳದ ಕಪ್ಪು ಕಲೆ.

ಈ ಕಪ್ಪು ಕಲೆ ಎಲ್ಲರ ಮೂಸೆಯಲ್ಲೂ ಇರುತ್ತದೆ. ನಾವು ಮಸಿ ಎಂದು ಬಿಟ್ಟುಬಿಡುತ್ತೇವೆ. ಅದನ್ನು ತೊಳೆಯಲು ನೀರು ಬೆರೆಸಿ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದೆ. ಪಟ್ ಪಟ್ ಎಂದು ಸಣ್ಣ ಸಣ್ಣ ಕಿಡಿ! ಮಸಿ ಆಗಿದ್ದರೆ ಆಮ್ಲದಲ್ಲಿ ಕಿಡಿ ಎಲ್ಲಿಂದ ಬರಬೇಕು? ಅದು ಮೆಗ್ನೀಷಿಯಂ ಸಿಲಿಸೈಡ್, ಮೆಗ್ನೀಷಿಯಂ ಮತ್ತು ಸಿಲಿಕಾನ್ ಸೇರಿ ಆದದ್ದು. ಆಮ್ಲ ತಾಗಿದರೆ ಸಿಲೇನ್ ಅನಿಲ ಬಿಡುತ್ತದೆ, ಅದು ಗಾಳಿಗೆ ಬಂದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಏನಾಯಿತು? ಕಾದ ಮೆಗ್ನೀಷಿಯಂ ಪಿಂಗಾಣಿಯೊಳಗಿನ ಸಿಲಿಕಾದಿಂದ (ಸಿಲಿಕಾನ್‌ನ ಆಕ್ಸೈಡ್) ಆಕ್ಸಿಜನ್ ಕಿತ್ತುಕೊಂಡಿದೆ. ಗಾಳಿಯಿಂದ ತೆಗೆದುಕೊಳ್ಳಬೇಕಾದ ಆಕ್ಸಿಜನನ್ನು ಮೂಸೆಯಿಂದಲೇ ತೆಗೆದುಕೊಂಡಿದೆ. ನಾವು ತೂಗುವುದು ಮೂಸೆಯನ್ನೂ ಸೇರಿಸಿಯೇ. ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿಕೊಂಡರೆ ಒಟ್ಟು ದುಡ್ಡು ಹೆಚ್ಚುತ್ತದೆಯೇ? ಲೋಹ ಆಕ್ಸೈಡ್ ಆಗಿಬಿಟ್ಟಿದೆ, ತೂಕ ಮಾತ್ರ ಬಂದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆ ಕಿಡಿ ನೋಡಿ ನಾನೇ ಕೂತು ಯೋಚಿಸಿ ಹಿಡಿದದ್ದು. ಈ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆ ಇದೆ.

ಹಾಗಾದರೆ ಲೋಹ ಪಿಂಗಾಣಿಯನ್ನು ಮುಟ್ಟಬಾರದು. ಬೇರೆ ಲೋಹದ ಮೂಸೆ ನೋಡೋಣ ಎಂದರೆ ಕಬ್ಬಿಣ ತಾನೇ ಆಕ್ಸಿಜನ್ ತಿಂದು ತೂಕ ಏರಿಸಿಕೊಳ್ಳುತ್ತದೆ. ಪ್ಲಾಟಿನಂ ನಮ್ಮಂಥವರ ಕೈಗೆ ಸಿಗುವ ಮಾತಲ್ಲ. ಉತ್ತರ ನನ್ನ ಕಸದ ಡಬ್ಬಿಯಲ್ಲೇ ಇತ್ತು: ಹಳೆಯ ಪ್ರಯೋಗಗಳ ಬೂದಿ. ಅದು ಮೆಗ್ನೀಷಿಯಂ ಆಕ್ಸೈಡೇ ತಾನೆ. ಅದಕ್ಕೆ ಕೊಡಲು ಆಕ್ಸಿಜನ್ ಇಲ್ಲ, ಎಷ್ಟು ಬಿಸಿಗೂ ಜಗ್ಗುವುದಿಲ್ಲ. ಒಂದು ಗ್ರಾಂನಷ್ಟು ಹಳೆಯ ಬೂದಿಯನ್ನು ಪುಡಿ ಮಾಡಿ ಮೂಸೆಯ ತಳಕ್ಕೆ ಹಾಸಿದೆ, ಮಧ್ಯೆ ಗುಂಡಿ ಮಾಡಿ ಅದರಲ್ಲಿ ಸುರುಳಿ ಕೂರಿಸಿದೆ. ಬದಿಗೆ ತಾಗಬಾರದು. ಖಾಲಿ ತೂಕ ತೆಗೆಯುವಾಗಲೇ ಈ ಹಾಸಿಗೆ ಸೇರಿಸಿ ತೂಗಬೇಕು.

ಮೊದಲ ದಿನ ಉತ್ತರ 1.70 ಬಂತು! ಇರಬೇಕಾದ್ದಕ್ಕಿಂತ ಜಾಸ್ತಿ. ಅಷ್ಟು ಕಾಲ ಕಡಿಮೆ ಬರುವುದರ ವಿರುದ್ಧ ಹೋರಾಡಿದವನಿಗೆ ಜಾಸ್ತಿ ಬಂದಾಗ ಏನು ಮಾಡಬೇಕೆಂದೇ ತೋಚಲಿಲ್ಲ. ಎರಡು ದಿನ ಬೇಕಾಯಿತು ಅರ್ಥವಾಗಲು. ನೀರಿನ ಹನಿ ಹಾಕಿದಾಗ ಹೊಸ ಬೂದಿಯ ಜೊತೆ ಹಾಸಿಗೆಯ ಬೂದಿಯೂ ನೀರು ಕುಡಿದಿತ್ತು. ಹೈಡ್ರಾಕ್ಸೈಡ್ 350 ಡಿಗ್ರಿ ಸುಮಾರಿಗೆ ನೀರು ಬಿಡಲು ಶುರು ಮಾಡುತ್ತದೆ ನಿಜ, ಆದರೆ ಕೊನೆಯ ಪಾಲು ಸುಲಭವಾಗಿ ಬಿಡುವುದಿಲ್ಲ. ಮೊದಲು ಕಾಲು ಗಂಟೆ ಕಾಯಿಸುತ್ತಿದ್ದೆ, ಈಗ ನಲವತ್ತು ನಿಮಿಷ, ಮೂಸೆ ಚೆನ್ನಾಗಿ ಕೆಂಪಾಗಿರಬೇಕು. ತೂಗಿ, ಮತ್ತೆ ಹತ್ತು ನಿಮಿಷ ಕಾಯಿಸಿ, ಮತ್ತೆ ತೂಗಿ, ಎರಡು ತೂಕ ಒಂದೇ ಬರುವವರೆಗೂ. ಹಾಸಿಗೆಯನ್ನೂ ಬಳಸುವ ಮೊದಲು ಹೀಗೇ ಸುಡಬೇಕು, ಡಬ್ಬಿಯಲ್ಲಿ ಇಟ್ಟ ಬೂದಿ ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಹೀರಿಕೊಂಡಿರುತ್ತದೆ.

ಆಮೇಲೆ ಬಂದದ್ದು 1.64.

ತೂಗುವುದರ ಬಗ್ಗೆ ಒಂದು ಮಾತು. ಬಿಸಿ ಮೂಸೆ ತೂಗಬೇಡಿ. ಅದರ ಸುತ್ತ ಗಾಳಿ ಮೇಲಕ್ಕೆ ಏಳುತ್ತಿರುತ್ತದೆ, ತಕ್ಕಡಿ ಕಡಿಮೆ ತೋರಿಸುತ್ತದೆ. ಕೈಗೆ ಬೆಚ್ಚಗೆ ಅನಿಸಿದರೂ ಕೆಲವು ಮಿಲಿಗ್ರಾಂ ಹೋಗಿರುತ್ತದೆ. ಹಾಗೆಂದು ಹೊರಗೆ ಇಟ್ಟು ತಣಿಸಿದರೆ ಬೂದಿ ತೇವ ಎಳೆಯುತ್ತದೆ. ತೇವ ತಾಗದ ಹಾಗೆ ತಣಿಸುವ ಡೆಸಿಕೇಟರ್ ಪಾತ್ರೆ ನನ್ನ ಹತ್ತಿರ ಇಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರೊಳಗೆ ಅರ್ಧ ಗಂಟೆ ಇಡುತ್ತೇನೆ. ಅದರಲ್ಲೇ ಕೆಲಸ ನಡೆಯುತ್ತಿದೆ. ಮುಚ್ಚಳಕ್ಕೂ ನಾನು ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇನೆ, 1.64ರಿಂದ 1.65ಕ್ಕೆ ಹೋಗಿದ್ದು ಅದರಿಂದಲೇ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡಿನ ವಿಷಯ. ಮೊದಲ ಮೂರು ತಿಂಗಳಲ್ಲಿ ಏಳೋ ಎಂಟೋ ಮೂಸೆ ಒಡೆದವು. ಅದರಲ್ಲಿ ನಾಲ್ಕು, ಕೆಂಪಗಿದ್ದ ಮೂಸೆಯನ್ನು ಕಲ್ಲಿನ ಮೇಜಿನ ಮೇಲೆ ನೇರವಾಗಿ ಇಟ್ಟಿದ್ದಕ್ಕೆ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಹೀಗೆ ಮಾಡಬಾರದಿತ್ತು, ಅವಸರದಲ್ಲಿ ಮಾಡಿದೆ. ಎಲ್ಲಕ್ಕಿಂತ ದೊಡ್ಡ ಖರ್ಚು 0.001 ಗ್ರಾಂ ತೋರಿಸುವ ತಕ್ಕಡಿ. ಮೂಸೆ, ಪಟ್ಟಿ, ಜಾಡಿ, ಬರ್ನರ್ ಗ್ಯಾಸ್ ಎಲ್ಲ ಕೂಡಿಸಿದರೂ ಅದರ ಮೂರನೇ ಒಂದು ಭಾಗ ಆಗಲಿಲ್ಲ. ನನ್ನ ಸಂಬಳದಿಂದಲೇ ಕೊಂಡೆ, ಮನೆಯಲ್ಲಿ ಎರಡು ತಿಂಗಳು ಕೈ ಬಿಗಿ ಹಿಡಿದು. ಈಗ ಕೇಳಿದರೆ, ಮೊದಲ ದಿನವೇ ತಕ್ಕಡಿ ಕೊಂಡಿದ್ದರೆ ಒಡೆದ ಮೂಸೆಗಳಲ್ಲಿ ಅರ್ಧ ಉಳಿಯುತ್ತಿದ್ದವು ಎನ್ನುತ್ತೇನೆ. ಹಳೆಯ ತಕ್ಕಡಿಯ ಸುಳ್ಳು ನಂಬಿ ಎಷ್ಟೋ ಸಲ ಸುಮ್ಮನೆ ಮತ್ತೆ ಮತ್ತೆ ಸುಟ್ಟೆ. ಬೂದಿ ಹಾಸಿಗೆ ಬಂದ ಮೇಲೆ ಒಂದೇ ಮೂಸೆ ಇಪ್ಪತ್ತು ಸಲ ದಾಟಿದೆ, ತಳದಲ್ಲಿ ಕಲೆಯೇ ಇಲ್ಲ.

ಇದನ್ನು ತೋರಿಸಿದಾಗ ಆ ಹಿರಿಯರು ಒಪ್ಪಲಿಲ್ಲ. "ತೂಕ ಬಂದದ್ದು ಗಾಳಿಯಿಂದಲೇ ಅಂತ ಹೇಗೆ ಹೇಳ್ತೀರಿ? ಮುಕ್ಕಾಲು ಗಂಟೆ ಉರಿ ಕೊಟ್ಟಿದ್ದೀರಿ. ಬರ್ನರ್ ಮಸಿ ಹತ್ತಿರಬಹುದು" ಎಂದರು. ಸರಿಯಾದ ಪ್ರಶ್ನೆ. ರಾಬರ್ಟ್ ಬಾಯ್ಲ್‌ನಂಥ ದೊಡ್ಡ ವಿಜ್ಞಾನಿಯೇ 1673ರಲ್ಲಿ ಬೆಂಕಿಯ ಕಣಗಳು ಗಾಜನ್ನು ದಾಟಿ ಲೋಹದೊಳಗೆ ಸೇರುತ್ತವೆ, ಅದಕ್ಕೇ ತೂಕ ಹೆಚ್ಚುತ್ತದೆ ಎಂದು ನಂಬಿದ್ದ. ಅದಕ್ಕೂ ಎಷ್ಟೋ ಮೊದಲು, 1630ರಲ್ಲೇ ಜಾನ್ ರೇ ಎಂಬ ಫ್ರೆಂಚ್ ವೈದ್ಯ ಅದು ಗಾಳಿಯ ತೂಕ ಎಂದು ಹೇಳಿದ್ದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹಾಗಾಗಿ ಎರಡು ಕೆಲಸ ಮಾಡಿದೆ. ಮೊದಲನೆಯದು, ಮೆಗ್ನೀಷಿಯಂ ಹಾಕದೆ ಬರೀ ಹಾಸಿಗೆ ಇರುವ ಮೂಸೆಗೆ ಅದೇ ಉರಿ, ಅದೇ ನೀರಿನ ಹನಿ, ಅದೇ ನಲವತ್ತು ನಿಮಿಷ. ತೂಕದ ವ್ಯತ್ಯಾಸ ಎರಡು ಮಿಲಿಗ್ರಾಂ ಒಳಗೆ. ಎರಡನೆಯದು ನನಗೆ ಬಹಳ ಇಷ್ಟವಾದದ್ದು.

ಅರ್ಧ ಲೀಟರ್ ದುಂಡು ತಳದ ಫ್ಲಾಸ್ಕ್, ರಬ್ಬರ್ ಬಿರಡೆ, ಬಿರಡೆಯಲ್ಲಿ ಎರಡು ದಪ್ಪ ತಂತಿ, ತಂತಿಗಳ ನಡುವೆ ಒಂದು ಚಿಟಿಕೆ ಸ್ಟೀಲ್ ವುಲ್ (ಉಣ್ಣೆಯಂಥ ತೆಳು ಉಕ್ಕಿನ ಎಳೆಗಳು), ಸುಮಾರು 0.15 ಗ್ರಾಂ. ಸ್ಟೀಲ್ ವುಲ್ ಮೇಲೆ ಎಣ್ಣೆ ಸವರಿರುತ್ತಾರೆ, ಅದನ್ನು ಅಸಿಟೋನ್‌ನಲ್ಲಿ ತೊಳೆದು ಪೂರ್ತಿ ಒಣಗಿಸಲೇಬೇಕು. ಮುಚ್ಚಿ ತೂಗಿದೆ. ಹೊರಗಿನಿಂದ 9 ವೋಲ್ಟ್ ಬ್ಯಾಟರಿ ತಾಗಿಸಿದೆ. ಒಳಗೆ ಕೆಂಪು ಎಳೆಗಳು ಓಡಿದವು, ಆರಿತು. ಮೊದಲ ಸಲ ವುಲ್ ಜಾಸ್ತಿ ಹಾಕಿದ್ದೆ, ಬಿರಡೆ ಹಾರಿಹೋಯಿತು. ಎರಡನೆಯ ಸಲ ಸರಿಯಾಗಿ ನಡೆಯಿತು. ತಣ್ಣಗಾದ ಮೇಲೆ ತೂಗಿದರೆ ತಕ್ಕಡಿ ಅಲ್ಲಾಡಲಿಲ್ಲ, ಅದೇ ತೂಕ. ಆಗ ಬಿರಡೆ ಸ್ವಲ್ಪ ಸಡಿಲಿಸಿದೆ. ಸುಯ್ ಎಂದು ಗಾಳಿ ಒಳಗೆ ಹೋಯಿತು. ಮತ್ತೆ ಒತ್ತಿ ತೂಗಿದೆ, ಹತ್ತಿರ ಹತ್ತಿರ 0.04 ಗ್ರಾಂ ಹೆಚ್ಚು. ಫ್ರೆಂಚ್ ರಸಾಯನ ವಿಜ್ಞಾನಿ ಲವಾಸಿಯೇ 1774ರಲ್ಲಿ ತವರವನ್ನು ಮುಚ್ಚಿದ ಪಾತ್ರೆಯಲ್ಲಿ ಸುಟ್ಟು ತೋರಿಸಿದ್ದು ಇದನ್ನೇ. ಬೆಂಕಿಯ ಕಣ ಒಳಗೆ ಬಂದಿದ್ದರೆ ಮುಚ್ಚಿದ್ದಾಗಲೇ ತೂಕ ಏರಬೇಕಿತ್ತು. ಹಿರಿಯರು ಆ ಸುಯ್ ಶಬ್ದವನ್ನು ಮತ್ತೊಮ್ಮೆ ಕೇಳಿಸಿ ಎಂದರು. ಕೇಳಿಸಿದೆ. ಆಮೇಲೆ ವಾದ ಮಾಡಲಿಲ್ಲ, ಮೂಸೆಯ ಬೂದಿ ಹಾಸಿಗೆ ಎಷ್ಟು ದಪ್ಪ ಎಂದು ಕೇಳಿದರು.

ನಡುವೆ ಬೇರೆ ಲೋಹಗಳನ್ನೂ ಸುಡದೆ ಇರಲಾಗಲಿಲ್ಲ. ತಾಮ್ರ ನನ್ನನ್ನು ಸೋಲಿಸಿದೆ. ಗ್ರಾಂಗೆ 0.25 ಹೆಚ್ಚಬೇಕು, ಪುಡಿಯನ್ನು ಅಗಲ ಬಟ್ಟಲಲ್ಲಿ ಹರಡಿ ನೈಕ್ರೋಮ್ ತಂತಿಯಿಂದ ಕೆದಕುತ್ತಾ ಕಾಯಿಸಿದರೂ 0.2ರ ಆಚೆ ಹೋಗಲಿಲ್ಲ. ಮೇಲೆ ಕಪ್ಪು ಪದರ ಕಟ್ಟಿ ಒಳಗಿನ ತಾಮ್ರವನ್ನು ಮುಚ್ಚಿಬಿಡುತ್ತದೆ, ಕಾಳು ಒಡೆದರೆ ಒಳಗೆ ಕೆಂಪು. ಆದರೆ ತಾಮ್ರದಿಂದ ತೋರಿಸಲು ಒಂದು ಚೆಂದದ ಕೆಲಸ ಇದೆ: ತೆಳು ತಗಡನ್ನು ಲಕೋಟೆಯ ಹಾಗೆ ಬಿಗಿಯಾಗಿ ಮಡಿಸಿ, ಅಂಚು ಒತ್ತಿ, ಜೋರು ಉರಿಯಲ್ಲಿ ಕಾಯಿಸಿ, ತಣ್ಣಗಾದ ಮೇಲೆ ಬಿಚ್ಚಿ. ಹೊರಗೆಲ್ಲ ಕಪ್ಪು, ಒಳಗೆ ಹೊಸ ತಾಮ್ರದ ಹೊಳಪು. ಉರಿ ಎರಡೂ ಕಡೆ ಒಂದೇ, ಗಾಳಿ ಮಾತ್ರ ಒಂದೇ ಕಡೆ. ಇದಕ್ಕೆ ತಕ್ಕಡಿಯೂ ಬೇಡ.

ಅಲ್ಯೂಮಿನಿಯಂ ಹಾಳೆಯನ್ನು ಉರಿಯಲ್ಲಿ ಹಿಡಿದು ನೋಡಿದ್ದೀರಾ? ಉರಿಯುವುದೂ ಇಲ್ಲ, ತೊಟ್ಟಿಕ್ಕುವುದೂ ಇಲ್ಲ, ಸುಮ್ಮನೆ ಜೋತುಬೀಳುತ್ತದೆ. ಒಳಗಿನ ಲೋಹ 660 ಡಿಗ್ರಿಗೆ ಕರಗಿ ನೀರಾಗಿದೆ, ಹೊರಗಿನ ಆಕ್ಸೈಡ್ ಚರ್ಮ 2000 ಡಿಗ್ರಿ ದಾಟಿದರೆ ಮಾತ್ರ ಕರಗುವಂಥದ್ದು, ಚೀಲದ ಹಾಗೆ ಅದನ್ನು ಹಿಡಿದುಕೊಂಡಿರುತ್ತದೆ. ಮೆಗ್ನೀಷಿಯಂ ಆಕ್ಸೈಡ್ ಲೋಹಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ, ಹಾಗಾಗಿ ಬಿರುಕು ಬಿಡುತ್ತದೆ, ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ. ಅಲ್ಯೂಮಿನಿಯಂನದ್ದು ಜಾಸ್ತಿ ಜಾಗ ಹಿಡಿದು ಬಿಗಿಯಾಗಿ ಮುಚ್ಚುತ್ತದೆ. ಎರಡನ್ನೂ ಅಕ್ಕಪಕ್ಕ ಮಾಡಿ ತೋರಿಸಿದರೆ ಮಕ್ಕಳು ಮರೆಯುವುದಿಲ್ಲ.

ಸತುವಿನ ಆಸೆಗೆ ಬೀಳಬೇಡಿ. ನೀಲಿ ಹಸಿರು ಜ್ವಾಲೆ, ಉಣ್ಣೆಯಂಥ ಬಿಳಿ ಎಳೆಗಳು ತೇಲುವುದು, ಬಿಸಿಯಿದ್ದಾಗ ಹಳದಿಯಾಗಿದ್ದ ಆಕ್ಸೈಡ್ ತಣಿಯುತ್ತಾ ಬಿಳಿಯಾಗುವುದು, ನೋಡಲು ಬಹಳ ಚೆಂದ. ಆದರೆ 907 ಡಿಗ್ರಿಗೇ ಕುದಿಯುವ ಲೋಹ, ತೂಕಕ್ಕೆ ಸಿಗುವುದಿಲ್ಲ. ಆ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ನನಗೆ ಒಂದು ಸಲ ಬಂತು, ರಾತ್ರಿಯಿಡೀ ನಡುಕ, ಬಾಯಲ್ಲಿ ಲೋಹದ ರುಚಿ. ಮರುದಿನ ಇಳಿಯಿತು. ಹೊಗೆ ಎಳೆಯುವ ಫ್ಯಾನ್ ಇಲ್ಲದೆ ಸತುವನ್ನು ಮುಟ್ಟುವುದಿಲ್ಲ ಎಂದು ಆವತ್ತೇ ತೀರ್ಮಾನಿಸಿದೆ.

ಈಗ ತವರ ಹಿಡಿದಿದ್ದೇನೆ. ಲವಾಸಿಯೇ ಕೆಲಸ ಮಾಡಿದ ಲೋಹ, ಮಾಡದೆ ಬಿಡಲು ಮನಸ್ಸಿಲ್ಲ. 232 ಡಿಗ್ರಿಗೆ ಕರಗುತ್ತದೆ, ಆವಿಯಾಗುವ ಭಯ ಇಲ್ಲ, ಮೂಸೆಯನ್ನು ಕೊರೆಯುವುದಿಲ್ಲ. ಮೇಲೆ ಬೂದು ಕೆನೆ ಕಟ್ಟುತ್ತದೆ, ಅದನ್ನು ಬದಿಗೆ ತಳ್ಳಿದರೆ ಕನ್ನಡಿಯಂಥ ಹೊಸ ಮೈ, ಅದರ ಮೇಲೆ ಮತ್ತೆ ಕೆನೆ. ಗ್ರಾಂಗೆ 0.27 ಬರಬೇಕು. ನಾಲ್ಕು ಗಂಟೆ ಕೆದಕಿ ಕೂತರೂ ಇಲ್ಲಿಯವರೆಗೆ 0.1 ಹತ್ತಿರ ಬಂದಿದೆ. ಕೆದಕುವ ಕಡ್ಡಿಗೆ ಅಂಟುವ ಬೂದಿಯನ್ನು ಏನು ಮಾಡುವುದು ಎನ್ನುವುದೇ ಈಗಿನ ತಲೆನೋವು. ಕಡ್ಡಿಯನ್ನೂ ಸೇರಿಸಿಯೇ ತೂಗೋಣ ಎಂದು ಈ ವಾರ ಶುರು ಮಾಡಿದ್ದೇನೆ.